ಏಣಿಯ ಮೇಲಿಂದ ಹಸಿರು ಬಳೆ

"ನಿಲ್ಲಿ! ಇನ್ನೊಂದು ಮೆಟ್ಟಿಲೂ ಹತ್ಬೇಡಿ!"

ನಾಲ್ಕನೇ ಮೆಟ್ಟಿಲಲ್ಲಿದ್ದ ರಂಜಿನಿಯ ಬಲಗಾಲು ಗಾಳಿಯಲ್ಲೇ ನಿಂತಿತು. ಗೋಡೆಗೆ ಬೆಸೆದ ಕಬ್ಬಿಣದ ಏಣಿ, ಸುತ್ತ ಕಂಬಿಯ ಗೂಡು, ಸೊಂಟಕ್ಕೆ ಬೆಲ್ಟು, ಬೆಲ್ಟಿನಿಂದ ಮೇಲಕ್ಕೆ ಹಗ್ಗ. ಕಾಮಾಕ್ಷಿಪಾಳ್ಯದ ಈ ಗಾರ್ಮೆಂಟ್ಸಿನ ಮೆಕ್ಯಾನಿಕ್ ಅವಳು. ತಾರಸಿಯ ಟ್ಯಾಂಕಿನ ವಾಲ್ವ್ ಬಿಚ್ಚಲು ಹೊರಟಿದ್ದಳು.

ಕೆಳಗಿಂದ ಕೂಗಿದವರು ಇಬ್ಬರು ತಪಾಸಣೆಯವರು. ಇಬ್ಬರೂ ಒಂದೇ ದಿನ ಬಂದದ್ದು ಇದೇ ಮೊದಲು.

"ಗೂಡಿದೆಯಲ್ಲ, ಸಾಕು. ಹಗ್ಗ ಅದಕ್ಕೆ ಸಿಕ್ಕಾಕೊಳ್ಳತ್ತೆ, ಬಿಚ್ಚಿ," ಎಂದರು ವಿಮೆ ಕಂಪನಿಯ ವೆಂಕಟಗಿರಿ.

"ಹಗ್ಗ ಮುಟ್ಬೇಡಿ! ಬೀಳೋರನ್ನ ಗೂಡು ಹಿಡಿಯಲ್ಲ. ಗೂಡನ್ನೇ ತೆಗೀಬೇಕು," ಎಂದ ಅಂಗಿ ಕೊಳ್ಳುವ ವಿದೇಶಿ ಕಂಪನಿಯ ಆತ್ರೇಯ.

ಆತ್ರೇಯನ ಮಾತಿಗೆ ಹೋದ ತಿಂಗಳು ಗೂಡು ಕತ್ತರಿಸಿ, ವೆಂಕಟಗಿರಿಯ ಮಾತಿಗೆ ಈ ತಿಂಗಳು ಮತ್ತೆ ಬೆಸೆದಿದ್ದ ವೆಲ್ಡರ್ ಮಹದೇವ್ ಹಲ್ಲುಬಿಟ್ಟ. "ಮತ್ತೆ ಕತ್ತರಿಸ್ಲಾ ಸಾರ್? ಮಿಷನ್ ಬಿಸಿಯಾಗೇ ಇದೆ."

"ನಾನು ಇಳಿದ್ಬಿಡ್ಲಾ?" ರಂಜಿನಿ ಕೇಳಿದಳು.

"ಇಳಿಯೋದೂ ಏಣಿ ಬಳಸಿದ ಹಾಗೇನೇ," ಎಂದರು ಇಬ್ಬರೂ ಒಟ್ಟಿಗೆ.

ಅವಳು ಅಂಗಳದ ಕಡೆ ಕತ್ತು ಹೊರಳಿಸಿದಳು. ಅಲ್ಲಿ ಇಸ್ತ್ರಿ ವಿಭಾಗದ ಶಶಿಕಲಾ ಹಸಿರು ಸೀರೆಯುಟ್ಟು ಕೂತಿದ್ದಳು. ಟೀ ಬಿಡುವಿನಲ್ಲಿ ಅವಳ ಸೀಮಂತ. ಬಳೆ ರಂಜಿನಿಯೇ ತೊಡಿಸಬೇಕೆಂದು ಗೆಳತಿಯರಲ್ಲಿ ಮಾತಾಗಿತ್ತು. ಶುಕ್ರವಾರ ಬೇರೆ, ಇನ್ನೇನು ರಾಹುಕಾಲ.

"ನಾನೇ ತೊಡಿಸ್ಲೇನೆ?" ಹಿರಿಯ ಟೈಲರ್ ಅಂಜಮ್ಮ ತಟ್ಟೆ ಎತ್ತಿಕೊಂಡರು.

ಶಶಿಕಲಾ ಆ ತಟ್ಟೆಯಿಂದ ಬಳೆಗಳನ್ನು ಬಾಚಿಕೊಂಡು, ತುಂಬುಹೊಟ್ಟೆ ಹೊತ್ತು ಏಣಿಯ ಬುಡಕ್ಕೆ ನಡೆದಳು. ಬಳೆ ಮೇಲೆ ಕೊಟ್ಟು ಕೈಯನ್ನೂ ಚಾಚಿದಳು.

"ತೊಡಿಸೇ, ಕೋತಿ."

ರಂಜಿನಿ ಗೂಡಿಗೆ ಬೆನ್ನು ಕೊಟ್ಟು, ಹಗ್ಗಕ್ಕೆ ಭಾರ ಬಿಟ್ಟು, ಎರಡೂ ಕೈ ಕೆಳಗಿಳಿಸಿ ಬಗ್ಗಿದಳು.

"ನೋಡಿ, ಹಗ್ಗ!" ಆತ್ರೇಯ ಕೂಗಿದ.

"ನೋಡಿ, ಗೂಡು!" ವೆಂಕಟಗಿರಿ ಕೂಗಿದರು.

ಬಳೆಗಳು ಒಂದೊಂದಾಗಿ ಮಣಿಕಟ್ಟಿಗೆ ಜಾರಿದವು. ಹೊಲಿಗೆ ಮಿಷನ್ನುಗಳ ಸದ್ದಿಗೆ ಒಗ್ಗಿದ್ದ ಗಂಟಲುಗಳೆಲ್ಲ ಒಮ್ಮೆಲೇ ಸೋಬಾನೆ ಎತ್ತಿಕೊಂಡವು. ಅಂಜಮ್ಮ ತಪಾಸಣೆಯವರಿಬ್ಬರ ಬಾಯಿಗೂ ಒಬ್ಬಟ್ಟು ತುರುಕಿದರು, ವಾದ ನಿಂತಿತು.

"ಇವತ್ತೊಂದಿನಕ್ಕೆ ಇಬ್ರೂ ಒಪ್ಪಿದಾರೆ ಕಣಮ್ಮ," ಮಾಲೀಕ ರವಿಕುಮಾರ್ ಗೆದ್ದವರಂತೆ ಕೂಗಿದರು. "ಇಳಿದು ಬಾ. ವಾಲ್ವ್ ನಾಳೆ ನೋಡ್ಕೊಳ್ಳೋಣ. ಒಬ್ಬಟ್ಟು ಆರೋಗತ್ತೆ."

ಶಶಿಕಲಾ ಆಗಲೇ ಇನ್ನೊಂದು ಕೈ ಮೇಲೆತ್ತಿದ್ದಳು.

"ಇಳಿಯಲ್ಲ," ಎಂದಳು ರಂಜಿನಿ, ಆ ಕೈಗೂ ಬಳೆ ಏರಿಸುತ್ತ.