ಅರ್ಧ ಮಾತ್ರೆಯ ರೇಟು

ಅಂಗಡಿಯವರೆಲ್ಲ ನಮ್ಮಪ್ಪನನ್ನು ಕರೆಯುವುದು ‘ರೇಟು ಸಾರ್’ ಎಂದು. ಬೆಲೆ ಸಮೀಕ್ಷೆಯ ಕಚೇರಿಯಲ್ಲಿ ಅವನ ಕೆಲಸ. ಪ್ರತಿ ತಿಂಗಳ ಮೊದಲ ವಾರ ಫಾರಂ ಹಿಡಿದು, ಗೊತ್ತುಮಾಡಿದ ಇಪ್ಪತ್ತೆರಡು ಅಂಗಡಿಗಳನ್ನು ಸುತ್ತಿ, ಅಕ್ಕಿ, ಎಣ್ಣೆ, ಸೋಪು, ಚಪ್ಪಲಿ, ಮಾತ್ರೆ ಅಂತ ನೂರಾ ನಲವತ್ತು ವಸ್ತುಗಳ ಬೆಲೆ ಬರೆದುಕೊಂಡು ಬರಬೇಕು. ಅದೇ ಅಂಗಡಿ, ಅದೇ ಕಂಪನಿ, ಅದೇ ತೂಕ. ಆ ಅಂಕಿಗಳೆಲ್ಲ ಮೇಲಿನ ಕಚೇರಿಗೆ ಹೋಗಿ, ಅಲ್ಲಿ ಏನೇನೋ ಗುಣಾಕಾರ ಭಾಗಾಕಾರವಾಗಿ, ಕೊನೆಗೆ ಟೀವಿಯಲ್ಲಿ ‘ಹಣದುಬ್ಬರ ಶೇಕಡಾ ಇಷ್ಟು’ ಎಂದು ಬರುತ್ತದೆ. ಬಂದಾಗಲೆಲ್ಲ ಅಪ್ಪ ಕುರ್ಚಿಯಲ್ಲಿ ನೆಟ್ಟಗಾಗಿ ಕೂರುತ್ತಾನೆ. ಆ ಒಂದು ಸಂಖ್ಯೆಯಲ್ಲಿ ತನ್ನ ಚಪ್ಪಲಿ ಸವೆದದ್ದೂ ಸೇರಿದೆ ಎಂಬ ಹೆಮ್ಮೆ ಅವನಿಗೆ.

ಅಂಗಡಿಗಳಲ್ಲಿ ಅವನನ್ನು ಯಾಮಾರಿಸುವುದು ಯಾರಿಂದಲೂ ಆಗದು. ಚೀಲದಲ್ಲಿ ಅಂಗೈ ಅಗಲದ ತೂಕದ ಯಂತ್ರವೊಂದು ಸದಾ ಇರುತ್ತದೆ. ಪೊಟ್ಟಣದ ಬೆಲೆ ಅಷ್ಟೇ ಇದ್ದು ಒಳಗಿನ ಬಿಸ್ಕತ್ತು ಎರಡು ಕಮ್ಮಿಯಾಗಿದ್ದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ.

“ಬೆಲೆ ಏರಿಸಿಲ್ವಂತೆ! ಬಿಸ್ಕತ್ ಇಳಿಸಿದಾನಲ್ಲ, ಅದನ್ನ ಯಾರು ಹೇಳ್ತಾರೆ?” ಎಂದು ಮನೆಗೆ ಬಂದು ನಮ್ಮ ತಲೆ ತಿನ್ನುತ್ತಿದ್ದ. ಅಮ್ಮ ತರಕಾರಿ ಹೆಚ್ಚುತ್ತಾ “ಹೌದಾ?” ಅನ್ನುತ್ತಿದ್ದಳು.

ಇಷ್ಟೆಲ್ಲ ಬಲ್ಲ ಈ ಮಹಾಶಯ ಪ್ರತಿ ತಿಂಗಳ ಒಂದನೇ ತಾರೀಕು ಅಮ್ಮನ ಮುಂದೆ ಒಂದು ಕವರ್ ಇಡುತ್ತಿದ್ದ. ಅದರಲ್ಲಿ ಹದಿನೈದು ಸಾವಿರ. ಬಾಡಿಗೆ, ಕರೆಂಟು, ನನ್ನ ಕಾಲೇಜಿನ ಫೀಸು ಅವನೇ ನೋಡಿಕೊಳ್ಳುತ್ತಿದ್ದ. ಊಟ, ತಿಂಡಿ, ಸೋಪು, ಔಷಧಿ, ಮನೆಯ ಸಣ್ಣಪುಟ್ಟದ್ದೆಲ್ಲ ಆ ಕವರಿನಲ್ಲಿ. ಆರು ವರ್ಷದ ಹಿಂದೆ ನಾವು ಈ ಮೂರನೇ ಮಹಡಿಯ ಮನೆಗೆ ಬಂದಾಗ ಇಬ್ಬರೂ ಕೂತು ಆ ಮೊತ್ತ ಗೊತ್ತುಮಾಡಿದ್ದರಂತೆ. “ಸಾಲದೆ ಬಂದ್ರೆ ಕೇಳು” ಎಂದಿದ್ದ ಅಪ್ಪ. “ಆಯ್ತು” ಎಂದಿದ್ದಳು ಅಮ್ಮ. ಅಲ್ಲಿಂದ ಇಲ್ಲಿಯವರೆಗೆ ಅವಳು ಕೇಳಲಿಲ್ಲ, ಇವನು ಏರಿಸಲಿಲ್ಲ. ಅವಳು ಆ ಕವರನ್ನು ಬಿಚ್ಚಿ ಎಣಿಸಿದ್ದನ್ನೂ ನಾನು ನೋಡಿಲ್ಲ. ಎಣಿಸುವುದೇನಿದೆ, ಅಷ್ಟೇ ಇರುತ್ತದಲ್ಲ.

“ನಿಮ್ಮಮ್ಮನ ಕೈಯಲ್ಲಿ ದುಡ್ಡು ಹಿಗ್ಗುತ್ತೆ ಕಣೆ” ಎಂದು ಅಪ್ಪ ಬಂದವರೆದುರೆಲ್ಲ ಹೊಗಳುತ್ತಿದ್ದ. ಹೊಗಳಿಕೆಗೆ ಖರ್ಚಿಲ್ಲ ನೋಡಿ.

ದುಡ್ಡು ಹೇಗೆ ಹಿಗ್ಗುತ್ತಿತ್ತು ಎಂಬುದನ್ನು ನಾನೂ ಕಣ್ಣಾರೆ ಕಂಡವಳೇ. ಅಮ್ಮ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೂ ನಾಲ್ಕು ದಿನ ಓಡಿಸುತ್ತಿದ್ದಳು. ಕರಗಿ ಚೂರಾದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದಳು. ದ್ರಾಕ್ಷಿ ತಂದರೆ ನನಗೂ ಅಪ್ಪನಿಗೂ ತೊಳೆದಿಟ್ಟು “ನಂಗೆ ಹುಳಿ ಆಗಲ್ಲ” ಅನ್ನುತ್ತಿದ್ದಳು. ಆಮೇಲೆ ದ್ರಾಕ್ಷಿ ಬರುವುದೇ ನಿಂತಿತು. ಕನ್ನಡಕದ ಒಂದು ಕಡ್ಡಿ ಮುರಿದು ವರ್ಷವಾಗಿತ್ತು, ಅದಕ್ಕೆ ದಾರ ಸುತ್ತಿಕೊಂಡಿದ್ದಳು. ನಾನು ಅವಳನ್ನು ಜಿಪುಣಿ ಎಂದು ಬಾಯ್ತುಂಬ ಆಡಿಕೊಳ್ಳುತ್ತಿದ್ದೆ. “ಅಮ್ಮ, ಈ ಟ್ಯೂಬು ಸತ್ತು ಮೂರು ದಿನ ಆಯ್ತು, ಇನ್ನಾದ್ರೂ ಬಿಟ್ಬಿಡು” ಎಂದರೆ ಅವಳೂ ನಗುತ್ತಿದ್ದಳು. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾಲೇಜು ಮುಗಿದ ಮೇಲೆ ನನಗೆ ಬೀದಿ ತುದಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಸಿಕ್ಕಿತು. ಅದರ ಯಜಮಾನರನ್ನು ಬೀದಿಯವರೆಲ್ಲ ಮೆಡಿಕಲ್ ಮಾವ ಅನ್ನುತ್ತಾರೆ. ಅಪ್ಪ ಬೆಲೆ ಬರೆದುಕೊಳ್ಳುವ ಇಪ್ಪತ್ತೆರಡು ಅಂಗಡಿಗಳಲ್ಲಿ ಅದೂ ಒಂದು. ಆ ಪರಿಚಯದ ಮೇಲೆಯೇ ಕೆಲಸ ಸಿಕ್ಕಿದ್ದು. ಸೇರುವ ಹಿಂದಿನ ದಿನ ಅಪ್ಪ ಗಂಭೀರವಾಗಿ ಹೇಳಿದ: “ನೋಡು, ಡ್ಯೂಟಿ ಮೇಲೆ ಬಂದಾಗ ನಾನು ಯಾರಪ್ಪನೂ ಅಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳ್ಬೇಕು.”

ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಅಮ್ಮ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದವಳು ಎರಡನೇ ಮಹಡಿಯಲ್ಲಿ ತಲೆ ಸುತ್ತಿ ಕುಸಿದಳು. ಪಕ್ಕದ ಮನೆಯಾಕೆ ನನಗೆ ಫೋನು ಮಾಡಿದಳು. ಓಡಿದೆ. ಅಮ್ಮ ಮೆಟ್ಟಿಲ ಮೇಲೆ ಕೂತು, ಉರುಳಿ ಹೋದ ಟೊಮೆಟೊ ಎಷ್ಟು ಎಂದು ಪಕ್ಕದ ಮನೆಯಾಕೆಯ ಮಗನಿಂದ ಲೆಕ್ಕ ತೆಗೆದುಕೊಳ್ಳುತ್ತಿದ್ದಳು.

ಡಾಕ್ಟರು ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. “ಇಷ್ಟೊಂದು ಯಾಕೆ ಏರಿದೆ? ಮಾತ್ರೆ ದಿನಾ ತಗೋತಿದ್ದೀರಾ?”

“ಒಂದು ದಿನಾನೂ ತಪ್ಪಿಸಿಲ್ಲ” ಎಂದಳು ಅಮ್ಮ.

“ಹಾಗಾದ್ರೆ ಈ ಮಾತ್ರೆ ಸಾಲ್ತಾ ಇಲ್ಲ. ಇದು ಹೀಗೇ ಇದ್ರೆ ಪಾರ್ಶ್ವವಾಯು ಹೊಡೆಯೋಕೆ ಹೆಚ್ಚು ದಿನ ಬೇಕಿಲ್ಲ. ಜೋರಾದ್ದೇ ಕೊಡ್ತೀನಿ” ಎಂದು ಅವರು ಬೇರೆ ಚೀಟಿ ಬರೆದರು.

ಅಮ್ಮನನ್ನು ಮನೆಯಲ್ಲಿ ಮಲಗಿಸಿ ಚೀಟಿ ಹಿಡಿದು ಅಂಗಡಿಗೆ ಬಂದೆ. ಕಂಪ್ಯೂಟರಿನಲ್ಲಿ ಅಮ್ಮನ ಫೋನ್ ನಂಬರು ಒತ್ತಿದಾಗ ಹಳೆಯ ಖರೀದಿಗಳೆಲ್ಲ ತೆರೆದುಕೊಂಡವು. ದಿನಕ್ಕೊಂದು ಮಾತ್ರೆ, ಹತ್ತು ಮಾತ್ರೆಗೊಂದು ಸ್ಟ್ರಿಪ್, ತಿಂಗಳಿಗೆ ಮೂರು ಸ್ಟ್ರಿಪ್ ಬೇಕು. ಎರಡು ವರ್ಷದ ಹಿಂದಿನವರೆಗೆ ಸರಿಯಾಗಿ ತಿಂಗಳಿಗೆ ಮೂರು. ಆಮೇಲೆ ಎರಡು ತಿಂಗಳಿಗೆ ಮೂರು. ಒಂದು ಸಲವೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮನೆಗೆ ಹೋಗಿ ಅಮ್ಮ ಮಾತ್ರೆ ಇಡುವ ಡಬ್ಬಿ ತೆಗೆದೆ. ಒಳಗೆ ಹದಿನಾಲ್ಕು ಚೂರು. ತರಕಾರಿ ಚಾಕುವಿನಲ್ಲಿ ಎಷ್ಟು ನೀಟಾಗಿ ಕತ್ತರಿಸಿದ್ದಳೆಂದರೆ ಒಂದೂ ಪುಡಿಯಾಗಿರಲಿಲ್ಲ. ಡಾಕ್ಟರಿಗೆ ಅವಳು ಸುಳ್ಳು ಹೇಳಿರಲಿಲ್ಲ. ಒಂದು ದಿನವೂ ತಪ್ಪಿಸದೆ ಅರ್ಧರ್ಧ ನುಂಗಿದ್ದಳು.

“ಏನಮ್ಮ ಇದು?”

ಅಮ್ಮ ಗೋಡೆ ಕಡೆ ತಿರುಗಿದಳು. “ಅರ್ಧ ತಗೊಂಡ್ರೂ ನಡೀತಿತ್ತಲ್ಲ. ನಿಮ್ಮಪ್ಪಂಗೆ ಹೇಳ್ಬೇಡ. ಪಾಪ, ಅವರು ಎಲ್ಲಿಂದ ತರ್ತಾರೆ?”

ನಾನು ಆ ಡಬ್ಬಿ ಹಿಡಿದುಕೊಂಡೇ ಅಂಗಡಿಗೆ ವಾಪಸು ಬಂದು ಮೆಡಿಕಲ್ ಮಾವನಿಗೆ ಹೇಳಿದೆ. ಅವರು ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿದರು. ಜೋರು ಮಾತ್ರೆ ಬೇಡವೇ ಬೇಡ, ಹಳೆಯದನ್ನೇ ಇಡಿಯಾಗಿ ಕೊಟ್ಟು ವಾರ ಬಿಟ್ಟು ಕರೆತನ್ನಿ ಎಂದರು ಡಾಕ್ಟರು. ಮಾತ್ರೆಯದ್ದು ಬಗೆಹರಿಯಿತು. ಆದರೆ ಅಮ್ಮ ನಾಳೆಯೂ ಚಾಕು ಹಿಡಿದರೆ? ಕವರಿನಲ್ಲಿ ಹದಿನೈದು ಸಾವಿರವೇ ಇರುವಷ್ಟು ಕಾಲ ಅವಳು ಹಿಡಿಯುತ್ತಾಳೆ. ನನಗೆ ಅಮ್ಮ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ರೇಟು ಸಾರ್ ಬಂದರು. ಅದು ತಿಂಗಳ ನಾಲ್ಕನೇ ತಾರೀಕು. ಅಮ್ಮ ಬಿದ್ದದ್ದನ್ನು ಅಪ್ಪನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಸುತ್ತಾಟದ ವಾರ ಅವನು ಫೋನನ್ನು ಚೀಲದ ತಳದಲ್ಲಿಡುತ್ತಾನೆ. ಫಾರಂ ತೆಗೆದು, ಕನ್ನಡಕ ಏರಿಸಿ, ನನ್ನನ್ನು ಕಂಡೇ ಇಲ್ಲದವನಂತೆ ಶುರು ಮಾಡಿದ.

“ಬಿ.ಪಿ. ಮಾತ್ರೆ, ಹತ್ತರ ಸ್ಟ್ರಿಪ್. ಈ ತಿಂಗಳ ಬೆಲೆ ಏನಮ್ಮ?”

ಹೇಳಿದೆ. ಬರೆದುಕೊಂಡ. ಹಳೆಯ ಹಾಳೆ ತಿರುವಿ, “ಎರಡು ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಏರಿದೆ” ಎಂದು ಲೊಚಗುಟ್ಟಿದ. “ಜನ ಹೇಗೆ ತಗೋತಾರೋ!”

ನನಗೆ ಮೈಯೆಲ್ಲ ಉರಿದುಹೋಯಿತು. “ಅರ್ಧ ಮಾತ್ರೆಗೆ ಎಷ್ಟು ಅಂತ ಬರ್ಕೊಳ್ಳಲ್ವಾ ಸಾರ್?”

“ಅರ್ಧ ಮಾತ್ರೆ ಯಾರಮ್ಮ ಮಾರ್ತಾರೆ? ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.”

“ನಮ್ಮನೇಲಿದೆ.”

ಡಬ್ಬಿಯನ್ನು ಕೌಂಟರಿನ ಮೇಲೆ ಬಗ್ಗಿಸಿದೆ. ಹದಿನಾಲ್ಕು ಚೂರು ಅವನ ಫಾರಂ ಮೇಲೆ ಬಿದ್ದವು. ಅಪ್ಪ ಅವುಗಳನ್ನು ನೋಡಿದ, ಡಬ್ಬಿಯನ್ನು ನೋಡಿದ. ಆ ಡಬ್ಬಿಯ ಮುಚ್ಚಳದ ಬಿರುಕಿಗೆ ಟೇಪು ಅಂಟಿಸಿದ್ದವನು ಅವನೇ. ಬೆಳಿಗ್ಗೆ ನಡೆದದ್ದನ್ನು ನಾನು ಹೇಳುತ್ತ ಹೋದೆ. ಅವನು ಒಂದೊಂದೇ ಚೂರನ್ನು ಎತ್ತಿ ಡಬ್ಬಿಗೆ ಹಾಕುತ್ತಿದ್ದ. ಒಂದು ಜಾರಿ ಕೆಳಗೆ ಬಿತ್ತು. ಅದನ್ನು ಹುಡುಕಲು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಮೆಡಿಕಲ್ ಮಾವ ಬಂದು ತೋಳು ಹಿಡಿದು ಎಬ್ಬಿಸಿದರು.

ಇನ್ನೂ ಒಂಬತ್ತು ಅಂಗಡಿ ಬಾಕಿಯಿದ್ದವು. ಇಪ್ಪತ್ತು ವರ್ಷದಲ್ಲಿ ಅಪ್ಪ ಒಂದು ಸುತ್ತನ್ನೂ ನಡುವೆ ಬಿಟ್ಟವನಲ್ಲ. ಅವತ್ತು ಬಿಟ್ಟು ಮನೆಗೆ ನಡೆದ. ಹಿಂದೆಯೇ ನಾನೂ ಹೋದೆ.

ಅಮ್ಮ ಎದ್ದು ಕೂತು ಟೊಮೆಟೊ ಒರೆಸುತ್ತಿದ್ದಳು. ಅಪ್ಪ ಬಾಗಿಲಲ್ಲೇ ನಿಂತು ಕೇಳಿದ. “ಯಾಕೆ ಕೇಳ್ಲಿಲ್ಲ ನೀನು? ಸಾಲದೆ ಬಂದ್ರೆ ಕೇಳು ಅಂದಿದ್ನಲ್ಲ?”

ಅಮ್ಮ ಅವನ ಕೈಯಲ್ಲಿದ್ದ ಡಬ್ಬಿಯನ್ನು ಕಂಡು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಏನಂತ ಕೇಳ್ಲಿ? ಬೆಲೆ ಏರಿದೆ ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ? ಊರಿಗೆಲ್ಲ ಬರೆದು ಕೊಡೋರೇ ನೀವು. ಎಣ್ಣೆ ಎಷ್ಟು, ಬೇಳೆ ಎಷ್ಟು, ಈ ಮಾತ್ರೆ ಎಷ್ಟು, ನನಗಿಂತ ಮೊದ್ಲು ನಿಮಗೆ ಗೊತ್ತಾಗುತ್ತೆ. ಎಲ್ಲಾ ಗೊತ್ತಿದ್ದೂ ಅಷ್ಟೇ ತಂದಿಡ್ತೀರಿ ಅಂದ್ರೆ ನಿಮ್ಮ ಹತ್ರ ಇರೋದೇ ಅಷ್ಟು ಅಂದ್ಕೊಂಡೆ. ಇಲ್ಲದೋರ ಹತ್ರ ಕೇಳಿ ಅವರ ಮುಖ ಸಣ್ಣದು ಮಾಡೋದು ಬೇಡ ಅನ್ನಿಸ್ತು.”

ಅಪ್ಪ ಒಳಗೆ ಹೋಗಿ ಬೀರು ತೆಗೆದು ಬ್ಯಾಂಕಿನ ಪಾಸ್‌ಬುಕ್ ತಂದು ಅವಳ ತೊಡೆಯ ಮೇಲಿಟ್ಟ. ಆರು ವರ್ಷದಲ್ಲಿ ಏರಿದ ಸಂಬಳವೆಲ್ಲ ಅಲ್ಲಿತ್ತು. ಅಮ್ಮ ದಾರ ಸುತ್ತಿದ ಕನ್ನಡಕವನ್ನು ಹಿಡಿದುಕೊಂಡು ಓದಿದಳು, ಮತ್ತೊಮ್ಮೆ ಓದಿದಳು.

“ಏನಿದು?”

“ಕೆಳಗೆ... ನೆಲಕ್ಕೇ ಇರೋ ಮನೆ ಒಂದು ತಗೊಳ್ಳೋಣ ಅಂತ.” ಅಪ್ಪನ ಮಾತು ತಡವರಿಸುತ್ತಿತ್ತು. “ನಿಂಗೆ ಬಿ.ಪಿ. ಇದೆ. ಮೂರು ಮಹಡಿ ಹತ್ತಬಾರ್ದು ಅಂತ. ಮುಂಗಡ ಕೊಡೋವಷ್ಟು ಆದ್ಮೇಲೆ ಹೇಳೋಣ ಅಂತಿದ್ದೆ. ನೀನು ಕೇಳ್ತಿರ್ಲಿಲ್ಲವಲ್ಲ, ಸಾಲ್ತಾ ಇದೆ ಅಂದ್ಕೊಂಡೆ.”

ಅಮ್ಮ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಸಿಡಿದಳು. ಹುಟ್ಟಿದಾಗಿನಿಂದ ಅವಳ ಆ ದನಿಯನ್ನು ನಾನು ಕೇಳಿರಲಿಲ್ಲ.

“ಮನೆ ತಗೊಂಡು ಅದರಲ್ಲಿ ಯಾರನ್ನ ಕೂರಿಸ್ತಿದ್ರಿ? ನನ್ನ ಫೋಟೋನಾ? ಎರಡು ಬಿಸ್ಕತ್ ಕಮ್ಮಿಯಾದ್ರೆ ತೂಕ ಹಾಕಿ ಕಂಡುಹಿಡೀತೀರಿ, ನಾನು ಏಳು ಕೇಜಿ ಇಳಿದಿದೀನಿ, ಅದು ಕಾಣ್ಲಿಲ್ವಾ? ದ್ರಾಕ್ಷಿ ಅಂದ್ರೆ ನಂಗೆ ಪ್ರಾಣ ಕಣ್ರೀ! ಮದುವೆ ಆದ ಹೊಸದರಲ್ಲಿ ನೀವೇ ಪೊಟ್ಟಣ ಕಟ್ಟಿಸ್ಕೊಂಡು ತರ್ತಿದ್ರಿ. ಹುಳಿ ಆಗಲ್ಲ ಅಂದ್ರೆ ಹಾಗೇ ನಂಬಿಬಿಟ್ರಾ?”

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನೂ ತಗ್ಗಿಸಿದೆ. ಆ ಮನೆಯಲ್ಲಿ ಅವಳನ್ನು ನಂಬಿದ್ದು ಅವನೊಬ್ಬನೇ ಅಲ್ಲವಲ್ಲ. ತಿಂದ ದ್ರಾಕ್ಷಿಯಲ್ಲಿ ನನ್ನ ಪಾಲೇ ದೊಡ್ಡದು.

ಸಿಟ್ಟೆಲ್ಲ ಇಳಿದ ಮೇಲೆ ಅಮ್ಮನಿಗೆ ಅಳು ಬಂತು. ಅಪ್ಪ ಒಂದು ಲೋಟ ನೀರು ತಂದು, ನಾನು ಅಂಗಡಿಯಿಂದ ತಂದಿದ್ದ ಹೊಸ ಸ್ಟ್ರಿಪ್‌ನಿಂದ ಒಂದು ಮಾತ್ರೆ ಒತ್ತಿ ತೆಗೆದು ಅವಳ ಅಂಗೈಯಲ್ಲಿಟ್ಟು, ಅವಳು ನುಂಗುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾದ. ಆಮೇಲೆ ಚೀಲದಿಂದ ಒಂದು ಖಾಲಿ ಫಾರಂ ತೆಗೆದು ಅವಳೆದುರು ನೆಲದ ಮೇಲೆ ಕೂತ. ಕೊನೆಯ ಕಾಲಂ ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು, ಮೇಲೆ ‘ತರುವುದು ಬಿಟ್ಟದ್ದು’ ಎಂದು ಬರೆದ.

“ಹೇಳು.”

“ಈಗ್ಲೇ?”

“ಈಗ್ಲೇ. ಒಂದೂ ಬಿಡ್ಬೇಡ.”

ಅವಳು ಮೊದಮೊದಲು ತಡೆದು ತಡೆದು ಹೇಳಿದಳು. ದ್ರಾಕ್ಷಿ. ಕನ್ನಡಕ. ಬೆಳಗಿನ ಎರಡನೇ ಲೋಟ ಕಾಫಿ. ತಂಗಿಯ ಮನೆಗೆ ಹೋಗಿಬರುವ ಬಸ್ಸಿನ ಖರ್ಚು. ತಂಗಿಯ ಹೆಸರು ಬಂದಾಗ ಅಪ್ಪನ ಪೆನ್ನು ನಿಂತಿತು. ಚಿಕ್ಕಮ್ಮನ ಮೇಲೆ ಅಮ್ಮನಿಗೆ ಏನೋ ಮುನಿಸು ಎಂದು ನಾವಿಬ್ಬರೂ ಎರಡು ವರ್ಷದಿಂದ ತಿಳಿದಿದ್ದೆವು. ಫಾರಂನ ಒಂದು ಬದಿ ತುಂಬಿತು. ಅಪ್ಪ ಹಾಳೆ ತಿರುವಿದ.

ಮರುದಿನ ಅವನು ಬಾಕಿ ಒಂಬತ್ತು ಅಂಗಡಿ ಮುಗಿಸಿದ. ಬರುವಾಗ ದ್ರಾಕ್ಷಿ ತಂದ. ವಾರ ಬಿಟ್ಟು ಡಾಕ್ಟರು ಬಿ.ಪಿ. ನೋಡಿ, ಇಳಿದಿದೆ, ಇದೇ ಮಾತ್ರೆ ಸಾಕು ಎಂದರು.

ಮುಂದಿನ ತಿಂಗಳ ಒಂದನೇ ತಾರೀಕು ಅಪ್ಪ ಎಂದಿನಂತೆ ಕವರ್ ತಂದು ಅಮ್ಮನ ಮುಂದಿಟ್ಟ. ದಪ್ಪಗಿತ್ತು. ಆ ಫಾರಂ ಮುಂದಿಟ್ಟುಕೊಂಡು ಮೂರು ದಿನ ಲೆಕ್ಕ ಹಾಕಿದ ಮೊತ್ತ ಅದು. ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಕವರ್ ಬಿಚ್ಚಿದಳು. ನೋಟುಗಳನ್ನು ಹೊರಗೆ ತೆಗೆದು, ಬೆರಳು ಒದ್ದೆ ಮಾಡಿಕೊಂಡು, ನಮ್ಮಿಬ್ಬರ ಎದುರಿಗೇ ಒಂದೊಂದಾಗಿ ಎಣಿಸಿದಳು. ಎಣಿಸಿ ಮುಗಿಸಿ ತಲೆಯೆತ್ತಿದಳು.

“ಸಾಲಲ್ಲ” ಎಂದಳು. “ಮೊನ್ನೆ ಎಣ್ಣೆ ಏರಿದೆ. ಇನ್ನೂರು ಕೊಡಿ.”

ಅಪ್ಪ ಜೇಬಿಗೆ ಕೈ ಹಾಕಿದ. ಅವನ ಕಣ್ಣು ತುಂಬಿ ಬಂದಿತ್ತು. ನೋಟು ಯಾವುದೆಂದು ಕಾಣದೆ ಪರ್ಸನ್ನೇ ಅವಳ ಕೈಗೆ ಕೊಟ್ಟ.