ಮೂಳೆರಾಯನ ಮೂರು ನಿಯಮ

ನನ್ನ ಸೊಸೆಗೆ ಕಟ್ಟುಹಲ್ಲು ಮಾಡುವ ಕೆಲಸ. ಬೀದಿಯ ಅರ್ಧ ಜನ ನಗುವುದು ಅವಳ ಕೈಯಲ್ಲಿ ತಯಾರಾದ ಹಲ್ಲಿನಿಂದ. ಕೆಲಸ ಮುಗಿದ ಮೇಲೆ ಅದೇ ಮೇಣ, ಅದೇ ಸಣ್ಣ ಚಾಕು ಹಿಡಿದು ಹೆಬ್ಬೆರಳಿನಷ್ಟು ಎತ್ತರದ ಹೆಣಗಳನ್ನು ಮಾಡುತ್ತಾಳೆ. ಇವು ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ. ಎರಡು ಕಡೆ ಪುಟ್ಟ ಗೊಂಬೆಗಳ ದಂಡು, ನಡುವೆ ಬೆಟ್ಟ, ಹೊಳೆ, ಎರಡೂ ತುದಿಗೆ ಕೋಟೆ. ದಾಳ ಎಸೆದು, ಅಳತೆಪಟ್ಟಿ ಹಿಡಿದು ದಂಡನ್ನು ನಡೆಸಬೇಕು. ಎದುರಾಳಿಯ ಕೋಟೆಯೊಳಗಿನ ಬಾವುಟ ಮುಟ್ಟಿದವರು ಗೆದ್ದ ಹಾಗೆ. ಅವಳದು ಸತ್ತೂ ಸಾಯದ ಖಳರ ದಂಡು, ಅದಕ್ಕೆ ದೊರೆ ಮೂಳೆರಾಯ. ಅವನ ಬಾಯಲ್ಲಿ ಒಂದು ಹಲ್ಲೂ ಸೊಟ್ಟಗಿಲ್ಲ. ದುಷ್ಟನಿಗೆ ಇಷ್ಟು ಚೆಂದದ ಹಲ್ಲು ಯಾಕೆ ಎಂದು ನನ್ನ ಮಗ ಕೇಳಿದ್ದಕ್ಕೆ, ಕೆಟ್ಟ ಹಲ್ಲು ಮಾಡಲು ಕೈ ಏಳುವುದಿಲ್ಲ ಎಂದಳು.

ಆಟದ ಅಂಗಡಿಯವನು ಇದನ್ನು ಡಬ್ಬಿಯಲ್ಲಿ ಹಾಕಿ ಮಾರಲು ಹೊರಟಿದ್ದ. ಗೊಂಬೆಗಳಿಗೆ ಅವನು ಮರುಳಾಗಿದ್ದ, ತೊಡಕೆಲ್ಲ ನಿಯಮದ್ದು. ಮೊದಲ ಸಲ ಸೊಸೆ ಬರೆದಂತೆ, ಬಿದ್ದ ಹೆಣಗಳು ದಾಳ ಒಲಿದಾಗೆಲ್ಲ ಎದ್ದು ಬರುತ್ತಿದ್ದವು. ಆಟ ಮುಗಿಯಲೇ ಇಲ್ಲ, ಆಡುವವರು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ಎರಡನೇ ಸಲ, ಏಳುವುದಾದರೆ ಒಮ್ಮೆ ಮಾತ್ರ ಎಂದು ತಿದ್ದಿದಳು. ಆಗ ಅವು ಬಣ್ಣ ಮಾಸಿದ ಸಾಧಾರಣ ಸಿಪಾಯಿಗಳಾದವು, ಅಷ್ಟೆ. ಮೂರನೆಯ ಪರೀಕ್ಷೆಯೂ ಕೈಕೊಟ್ಟರೆ ಡಬ್ಬಿ ಈ ದಂಡಿಲ್ಲದೆಯೇ ಹೊರಬರುತ್ತದೆ ಎಂದು ಅಂಗಡಿಯವನು ಬೇಸರದಿಂದಲೇ ತಿಳಿಸಿದ.

ಅಂದು ಮನೆಗೆ ಬಂದವಳು ಮೂಳೆರಾಯನನ್ನು ಹತ್ತಿಯಲ್ಲಿ ಸುತ್ತಿ, ಹಲ್ಲಿನ ಅಚ್ಚುಗಳ ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಟ್ಟಳು. ನಾನು ಅವನನ್ನು ಹೊರಗೆ ತೆಗೆದು ಊಟದ ಮೇಜಿನ ಮೇಲೆ ನಿಲ್ಲಿಸಿ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳೂ ಎದುರಿಗೆ ಬಂದು ಕುಳಿತಳು. ಒಂದೇ ನಡೆಯನ್ನು ಹತ್ತಾರು ಬಗೆಯಲ್ಲಿ ಆಡಿ ನೋಡುವ ತಾಳ್ಮೆ ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ್ದರಿಂದ, ಆಟವನ್ನು ಅವಳು ಕಲಿಸಿದ್ದು ನನಗೆ. ಆಡುತ್ತ ಆಡುತ್ತ ನನಗೆ ತೋಚಿದ್ದನ್ನು ಅಂದೆ.

"ಇವರನ್ನ ದಾಳ ಯಾಕಮ್ಮ ಎಬ್ಬಿಸಬೇಕು? ಬದುಕಿರೋರು ಏನಾದ್ರೂ ಎಡವಟ್ಟು ಮಾಡ್ಲಿ, ಆಗ ಏಳ್ಲಿ."

ಸೊಸೆ ಅಳತೆಪಟ್ಟಿ ಹಿಡಿದುಕೊಂಡೇ ನನ್ನನ್ನು ದಿಟ್ಟಿಸಿದಳು. ಆಮೇಲೆ ಊಟ ಮರೆತು ಬರೆಯಲು ಕೂತಳು. ಬರೆದು, ಹೊಡೆದುಹಾಕಿ, ಆಡಿ ನೋಡಿ, ಕೊನೆಗೆ ಹೆಣಗಳಿಗೆ ಮೂರೇ ನಿಯಮ ಉಳಿದವು. ಬಿದ್ದ ಹೆಣ ಬಿದ್ದಲ್ಲೇ ಮಲಗಿರಬೇಕು. ಶತ್ರುವಿನ ಸಿಪಾಯಿಯೊಬ್ಬ ಒಂದು ಸರದಿ ಅದರ ಪಕ್ಕ ಸುಮ್ಮನೆ ಕಾವಲು ನಿಂತರೆ ಅದು ಮುಗಿದಂತೆ, ನಿಲ್ಲದೆ ಮುಂದೆ ಹೋದರೆ ಮತ್ತೆ ಏಳುತ್ತದೆ. ಇನ್ನು, ಕಾವಲು ಮುಗಿಯುವ ಮೊದಲೇ ಎದುರಾಳಿ ಆಟಗಾರ ಅದನ್ನು ಕೈಯಿಂದ ಎತ್ತಿದರೆ, ಅವನು ಎಲ್ಲಿ ಇಡುತ್ತಾನೋ ಅಲ್ಲೇ ಅದು ಎದ್ದು ನಿಲ್ಲುತ್ತದೆ.

ಪರೀಕ್ಷೆಯ ದಿನ ಅಂಗಡಿಯಲ್ಲಿ ಒಂದು ಕಟ್ಟುಪಾಡು ಇದೆ. ಆಟ ಕಟ್ಟಿದವರು ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡುವಂತಿಲ್ಲ, ಸನ್ನೆಯನ್ನೂ ಮಾಡುವಂತಿಲ್ಲ. ಹೇಳುವುದನ್ನೆಲ್ಲ ನಿಯಮದ ಹಾಳೆಯೇ ಹೇಳಬೇಕು. ಬದುಕಿದವರ ಕಡೆ ಆಡಲು ದಂಡನಾಯಕ ಬಂದ. ಹೊರಗೆ ಅವನು ಲಿಫ್ಟ್ ರಿಪೇರಿಯವನು. ಅಂಗಡಿಯಲ್ಲಿ ಅವನನ್ನು ಸೋಲಿಸಿದವರಿಲ್ಲ, ಅದಕ್ಕೇ ಆ ಹೆಸರು. ಹೆಣಗಳ ಕಡೆ ಕೂರಲು ಯಾರೂ ಒಪ್ಪಲಿಲ್ಲ. ಎರಡು ಸಲ ಬೇಸತ್ತವರೇ ಎಲ್ಲರೂ. ನಾನು ಕುರ್ಚಿ ಎಳೆದುಕೊಂಡೆ. ಮನೆಯವರೇ ಆಡಿದರೆ ಪಕ್ಷಪಾತವಾಗುವುದಿಲ್ಲವೇ ಎಂದು ಅಂಗಡಿಯವನು ತಲೆ ಕೆರೆದುಕೊಂಡ.

"ಅತ್ತೆ ಸೊಸೆ ಪರ ಆಡಿದ್ದನ್ನ ಎಲ್ಲಾದ್ರೂ ನೋಡಿದೀರಾ ಸ್ವಾಮಿ? ಕೂರ್ಲಿ ಬಿಡಿ," ಎಂದು ಹಿಂದಿನಿಂದ ಒಬ್ಬ ಅಂದ. ಖಳರ ಪಾತ್ರಕ್ಕೆ ಅತ್ತೆಗಿಂತ ಹೊಂದುವವರು ಯಾರಿದ್ದಾರೆ ಎಂದು ನಾನೂ ಸೇರಿಸಿದೆ. ಸೊಸೆ ಮಾತ್ರ ನಗಲಿಲ್ಲ.

ದಂಡನಾಯಕ ಹಾಳೆಯನ್ನು ಗಟ್ಟಿಯಾಗಿ ಓದಿ, ಅರ್ಥವಾಯಿತೆಂದು ತಲೆಯಾಡಿಸಿದ. ಅವನದು ಬಿರುಸಿನ ಆಟ. ನನ್ನ ಹೆಣಗಳು ಪಟಪಟನೆ ಬಿದ್ದವು. ಆದರೆ ಒಂದೊಂದಕ್ಕೂ ಒಬ್ಬೊಬ್ಬ ಕಾವಲುಗಾರನನ್ನು ಬಿಡಬೇಕಲ್ಲ, ಅದು ಅವನಿಗೆ ಮೈ ಪರಚಿಕೊಳ್ಳುವಂತಾಯಿತು. ಎರಡು ಕಡೆ ಕಾವಲು ನಿಲ್ಲದೆ ನುಗ್ಗಿದ, ಬೆನ್ನ ಹಿಂದೆ ಎರಡು ಹೆಣ ಎದ್ದವು. ಮತ್ತೆ ಅವನ್ನು ಕೆಡವಲು ಸಿಪಾಯಿಗಳನ್ನು ಹಿಂದಕ್ಕೆ ಕಳಿಸಿದ. ಅವನ ದಂಡು ಮೇಜಿನ ತುಂಬ ಚೆಲ್ಲಾಪಿಲ್ಲಿಯಾಯಿತು, ಕೋಟೆಯಲ್ಲಿ ಯಾರೂ ಉಳಿಯಲಿಲ್ಲ. ಆದರೂ ಗೆಲ್ಲುತ್ತಿದ್ದವನು ಅವನೇ. ನನ್ನ ಕೋಟೆಯ ಬಾಗಿಲಿಗೆ ಬಂದಿದ್ದ, ನನ್ನಲ್ಲಿ ನಿಂತಿದ್ದವನು ಮೂಳೆರಾಯ ಒಬ್ಬನೇ. ಸೊಸೆ ಮೇಜಿನಿಂದ ಮುಖ ತಿರುಗಿಸಿಕೊಂಡಳು.

ನಾನು ಮಾತ್ರ ದಂಡನಾಯಕನ ಕೈಯನ್ನು ನೋಡುತ್ತಿದ್ದೆ. ಬೇರೆ ಆಟಗಳಲ್ಲಿ ಅವನು ಕೊಂದ ಗೊಂಬೆಗಳನ್ನು ತನ್ನ ಕೋಟೆಗೋಡೆಯ ಮೇಲೆ ಸಾಲಾಗಿ ನಿಲ್ಲಿಸುತ್ತಾನೆ, ಬಹುಮಾನದ ಬಟ್ಟಲುಗಳಂತೆ. ಇಂದೂ ಪ್ರತಿ ಹೆಣ ಬಿದ್ದಾಗ ಆ ಕೈ ಮುಂದೆ ಬರುತ್ತಿತ್ತು, ನೆನಪಾಗಿ ಹಿಂದೆ ಸರಿಯುತ್ತಿತ್ತು. ಸಣ್ಣಪುಟ್ಟ ಹೆಣಗಳಿಗೇ ಹೀಗಾದರೆ, ದೊರೆ ಬಿದ್ದರೆ?

ಮೂಳೆರಾಯನನ್ನು ಒಬ್ಬನೇ ಬಯಲಿಗೆ ನಡೆಸಿದೆ.

ಸುತ್ತ ನಿಂತವರು ಉಸ್ಸೆಂದರು. ದಂಡನಾಯಕನಿಗೇ ಮರುಕ ಬಂತು.

"ಅಜ್ಜಿ, ಅದು ನಿಮ್ಮ ರಾಜ. ಬೇಕಾದ್ರೆ ಹಿಂದಕ್ಕೆ ತಗೊಳ್ಳಿ."

"ಇರಲಿ ಬಿಡಪ್ಪ. ನಿನ್ನ ಸರದಿ."

ದಾಳ ಉರುಳಿತು, ದೊರೆ ಬಿದ್ದ, ಚಪ್ಪಾಳೆ ಎದ್ದಿತು. ಆ ಸದ್ದಿನ ಸುಖದಲ್ಲಿ ದಂಡನಾಯಕ ಮೂಳೆರಾಯನನ್ನು ಎರಡು ಬೆರಳಲ್ಲಿ ಎತ್ತಿ, ಎಲ್ಲರಿಗೂ ತೋರಿಸಿ, ತನ್ನ ಕೋಟೆಗೋಡೆಯ ನಟ್ಟನಡುವೆ ನಿಲ್ಲಿಸಿದ.

ಚಪ್ಪಾಳೆ ಅರ್ಧಕ್ಕೇ ನಿಂತಿತು. ಸೊಸೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದಂಡನಾಯಕ ತಾನಾಗಿಯೇ ಹಾಳೆ ಎಳೆದುಕೊಂಡು, ಮೂರನೇ ನಿಯಮದ ಮೇಲೆ ಬೆರಳಿಟ್ಟು ಓದಿದ. ಕಿವಿಯ ತನಕ ಕೆಂಪಾದ.

"ಎತ್ತಿದ್ದೂ ನಾನೇ, ಇಟ್ಟಿದ್ದೂ ನಾನೇ," ಎಂದ. "ಆಡಿ ಅಜ್ಜಿ."

ಗೋಡೆಯಿಂದ ಬಾವುಟಕ್ಕೆ ಒಂದು ಗೇಣೂ ಇರಲಿಲ್ಲ. ಅವನ ಸಿಪಾಯಿಗಳೆಲ್ಲ ದೂರದಲ್ಲಿ, ಹೆಣ ಕಾಯುತ್ತಲೋ ನನ್ನ ಕೋಟೆಯ ಬಾಗಿಲಲ್ಲೋ ಇದ್ದರು. ಮೂಳೆರಾಯ ಗೋಡೆ ಇಳಿದ, ಆ ಚೆಂದದ ಹಲ್ಲು ಬಿಟ್ಟುಕೊಂಡೇ ಬಾವುಟ ಮುಟ್ಟಿದ.

ಅಂಗಡಿಯೇ ಹಾರಿಹೋಗುವಷ್ಟು ಗದ್ದಲವೆದ್ದಿತು. ಅಂಗಡಿಯವನು ಅದರ ನಡುವೆಯೇ ದಂಡನಾಯಕನನ್ನು ಕೇಳಿದ, ಈ ನಿಯಮ ಅನ್ಯಾಯ ಅನ್ನಿಸಿತೇ ಎಂದು.

"ಇವತ್ತು ಎದ್ದ ಹೆಣಗಳನ್ನೆಲ್ಲ ಎಬ್ಬಿಸಿದ್ದು ನಾನು. ದಾಳಕ್ಕೆ ಬೈಯೋಣ ಅಂದ್ರೆ ಅದೂ ಆಗಲ್ಲ," ಎಂದು ಅವನು ಗೊಂಬೆಗಳನ್ನು ಮತ್ತೆ ಜೋಡಿಸತೊಡಗಿದ. "ಇನ್ನೊಂದಾಟ ಆಗಲೇಬೇಕು." ಈ ಸಲ ಎಡಗೈಯಿಂದ ಆಡುವೆನೆಂದು ಹೇಳಿ ಬಲಗೈಯನ್ನು ಜೇಬಿಗೆ ತುರುಕಿಕೊಂಡ. ಹೆಣಗಳ ಕಡೆ ಕೂರಲು ಒಲ್ಲೆನೆಂದವರೇ ಈಗ ಮುಂದಿನ ಸರದಿ ತಮ್ಮದೆಂದು ತಳ್ಳಾಡುತ್ತಿದ್ದರು. ಅಂಗಡಿಯವನು ಆಗಲೇ ಅಚ್ಚುಕೂಟದವನಿಗೆ ಫೋನ್ ಹಚ್ಚಿ, ಡಬ್ಬಿಯ ಮುಚ್ಚಳಕ್ಕೆ ಮೂಳೆರಾಯನ ಚಿತ್ರವೇ ಬರಬೇಕು, ಹಲ್ಲು ಸ್ಪಷ್ಟವಾಗಿ ಕಾಣಬೇಕು ಎನ್ನುತ್ತಿದ್ದ.

ಮಾತಾಡಲು ಅಪ್ಪಣೆ ಸಿಕ್ಕ ಮೇಲೆ ಸೊಸೆ, ದಂಡನಾಯಕ ಮೂಳೆರಾಯನನ್ನು ಎತ್ತದೇ ಇದ್ದಿದ್ದರೆ ಏನು ಗತಿ ಎಂದು ಮೆಲ್ಲಗೆ ಕೇಳಿದಳು. ಸೋಲುತ್ತಿದ್ದೆವು, ಮನೆಗೆ ಹೋಗಿ ಮತ್ತೆ ಬರೆಯುತ್ತಿದ್ದೆವು ಎಂದೆ. ಅವಳು ಕಣ್ಣೊರೆಸಿಕೊಂಡು, ಸೊಂಟಕ್ಕೆ ಕೈಯಿಟ್ಟು, ಜನರನ್ನು ಸರಿಸಿಕೊಂಡು ನನ್ನ ಕುರ್ಚಿಯ ಬಳಿ ಬಂದಳು.

"ಏಳಿ ಅತ್ತೆ, ಜಾಗ ಬಿಡಿ. ಇದು ನನ್ನ ದಂಡು."

ಎದ್ದೆ. ಕುರ್ಚಿ ಬಿಟ್ಟುಕೊಡುವುದರಲ್ಲಿ ಇಷ್ಟು ಸುಖವಿದೆಯೆಂದು ಯಾವ ಅತ್ತೆಯೂ ನನಗೆ ಹೇಳಿರಲಿಲ್ಲ.