ಕಚ್ಚಾ ಹೊಲಿಗೆ

ಅಕ್ಕ ಮೇಜಿನ ಮೇಲೆ ಕಡುನೀಲಿ ಬಟ್ಟೆ ಹಾಸಿ, ಕತ್ತರಿ ಹಿಡಿದು ನಿಂತು ಅರ್ಧ ಗಂಟೆಯಾಗಿತ್ತು. ಅವಳ ತಮ್ಮ ಹೊಲಿಗೆಯಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕಾಲು ಕುಣಿಸುತ್ತಿದ್ದ. ಅವನ ಮೊಣಕಾಲು ತಗಲಿ ಡಬ್ಬಿಯೊಳಗಿನ ಗುಂಡಿಗಳು ಒಂದೇ ಸಮನೆ ಗಿಲಿಗಿಲಿ ಅನ್ನುತ್ತಿದ್ದವು.

"ಆ ಕಾಲಿಗೆ ಒಂದು ಟಾಕಾ ಹಾಕ್ಲಾ?" ಅಂದಳು ಅಕ್ಕ.

ಅಂಗಡಿಯ ಜಾಲತಾಣ ಅವನೇ ಕಟ್ಟಿದ್ದು. ಗಿರಾಕಿಗಳು ಅಳತೆ, ಬೇಕು ಬೇಡಗಳನ್ನೆಲ್ಲ ಅದರಲ್ಲೇ ಬರೆದು ಕಳಿಸುತ್ತಿದ್ದರು. ಭಾನುವಾರ ಅದನ್ನು ಹೊಸ ಸರ್ವರ್‌ಗೆ ಸಾಗಿಸಿದ್ದ. ಅಂದಿನಿಂದ ಹಳೆಯ ಆರ್ಡರುಗಳಲ್ಲಿ ಅಂಕಿಗಳು ಮಾತ್ರ ನೆಟ್ಟಗಿದ್ದವು. ಕನ್ನಡವೆಲ್ಲ ತಲೆಗೆ ಕೊಂಬು, ಬುಡಕ್ಕೆ ಬಾಲ ಬಂದ ಪರದೇಶಿ ಅಕ್ಷರಗಳಾಗಿ ಬಿದ್ದುಕೊಂಡಿತ್ತು.

"ನನ್ನ ಗಿರಾಕಿಗಳಿಗೆಲ್ಲ ದೆವ್ವ ಹಿಡಿದಿದೆ ಕಣೋ."

"ಇಲ್ಲಕ್ಕಾ. ಕನ್ನಡದ ಒಂದು ಗುರುತಿಗೆ ಡೇಟಾಬೇಸಲ್ಲಿ ಮೂರು ತುಣುಕು. ಸಾಗಿಸುವಾಗ ಒಂದೊಂದು ತುಣುಕನ್ನೂ ಬೇರೆ ಅಕ್ಷರ ಅಂತ ಓದ್ಬಿಟ್ಟಿದೆ. ತುಣುಕೆಲ್ಲ ಅಲ್ಲೇ ಇದೆ, ತಿರುಗಿ ಜೋಡಿಸಿದ್ರಾಯ್ತು."

ಜೋಡಿಸುವ ಆದೇಶ ಎರಡೇ ಸಾಲಿನದು. ಒಂದು ಹಳೆಯ ಆರ್ಡರಿನ ಮೇಲೆ ಓಡಿಸಿ ನೋಡಿದ. 'ಕುತ್ತಿಗೆ ಸ್ವಲ್ಪ ಸಡಿಲ ಇರಲಿ' ಎಂದು ಅದು ಬಾಯಿಬಿಟ್ಟಿತು.

ಅಕ್ಕ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿದಳು. "ಬೇಗ ಮುಗಿಸೋ. ನಾಳೆ ಬೆಳಗ್ಗೆ ಕೊಡ್ಬೇಕು ಇದನ್ನ. ತಪ್ಪಿದ್ರೆ ಇನ್ನೊಂದ್ಸಲ ಕತ್ತರಿಸೋಕೆ ಬಟ್ಟೆ ಇಲ್ಲ."

ಅವನು ಎಲ್ಲದರ ಮೇಲೂ ಆದೇಶ ಓಡಿಸಿದ. ನಾನೂರು ಆರ್ಡರುಗಳು ಕಣ್ಣು ಬಿಟ್ಟವು. ಅಕ್ಕನಿಗೆ ಬೇಕಾಗಿದ್ದ ಒಂದು ಮಾತ್ರ ಸಾಲುಸಾಲು ಪ್ರಶ್ನೆಚಿಹ್ನೆಯಾಗಿತ್ತು.

ಅವನ ಕಾಲು ನಿಂತಿತು.

ಮೇಜಿನ ಮೇಲಿನ ನೀಲಿ ಬಟ್ಟೆ ಕೊಟ್ಟ ಹುಡುಗಿ ಇದನ್ನು ಬರೆದದ್ದು ನಿನ್ನೆ. ಹೊಸ ಸರ್ವರಿಗೆ ಬಂದ ಮೊದಲ ಆರ್ಡರು ಅದು. ಅಕ್ಷರಗಳು ಆರೋಗ್ಯವಾಗಿಯೇ ಇದ್ದವು. ಭಾನುವಾರದ ಹಿಂದಿನವಕ್ಕೆ ಮಾತ್ರ ಎಂಬ ಷರತ್ತನ್ನು ಅವನು ಹಾಕಿರಲಿಲ್ಲ. ಕೆಟ್ಟದ್ದನ್ನು ತಿದ್ದುವ ಆದೇಶ ಸರಿಯಿದ್ದದ್ದನ್ನು ತಿಂದುಹಾಕಿತ್ತು. ತಿರುಗಿ ಜೋಡಿಸಲು ಪ್ರಶ್ನೆಚಿಹ್ನೆಯೊಳಗೆ ತುಣುಕುಗಳಿರುವುದಿಲ್ಲ. ಬ್ಯಾಕಪ್ ನಕಲು ಭಾನುವಾರದ್ದು; ನಿನ್ನೆಯದು ಅದರಲ್ಲಿಲ್ಲ.

"ನೀನು ಇದನ್ನ ನಿನ್ನೆ ಓದಿದ್ಯಾ?"

"ಎಲ್ಲಿ? ಉದ್ದಕ್ಕೆ ಬರೆದಿದ್ಳು. ಅಂಗಡಿ ತುಂಬ ಜನ, ಆಮೇಲೆ ಓದೋಣ ಅಂತ ಬಿಟ್ಟೆ. ಬೆಳಗ್ಗೆಯಿಂದ ನೀನು ಮುಟ್ಟಬೇಡ ಅಂದೆ." ಅಕ್ಕ ಬಗ್ಗಿ ಪರದೆ ನೋಡಿದಳು. "ಮಧ್ಯೆ ಒಂದು 6 ಉಳಿದಿದೆ ನೋಡು. ಎಡತೋಳಿನ ವಿಷಯ ಬರೆದು ಕಳಿಸ್ತೀನಿ ಅಂದಿದ್ಳು. ತೋಳು ಆರಿಂಚು ಅಂತಿರಬೇಕು. ಕತ್ತರಿಸಿಬಿಡ್ಲಾ?"

"ಬೇಡ! ಅಕ್ಕಾ, ನೀನು ಕಚ್ಚಾ ಹೊಲಿಗೆ ಯಾಕೆ ಹಾಕ್ತೀಯ?"

"ತಪ್ಪಾದ್ರೆ ಬಿಚ್ಚೋಕೆ."

"ನಾನು ಹಾಕ್ಲಿಲ್ಲ. ನಕಲು ಇಟ್ಕೊಳ್ದೆ ತಿದ್ದಿಬಿಟ್ಟೆ."

ಅಕ್ಕ ಅವನನ್ನೊಮ್ಮೆ ನೋಡಿ ಫೋನು ಅವನ ಕಡೆ ತಳ್ಳಿದಳು. "ಹಾಗಾದ್ರೆ ನೀನೇ ಮಾತಾಡು."

ನಂಬರು ಹಾಳಾಗಿರಲಿಲ್ಲ. ಹುಡುಗಿ ಫೋನೆತ್ತಿದಳು. ಅವನು ಸುತ್ತಿಬಳಸದೆ ಹೇಳಿದ: "ನೀವು ಬರೆದಿದ್ದು ನನ್ನ ಕೈಯಿಂದ ಅಳಿಸಿಹೋಯ್ತು. ಯಾರೂ ಓದಿರಲಿಲ್ಲ. ತೋಳಿನ ವಿಷಯ ಏನಿತ್ತು ಅಂತ..."

"ಬಾಯಲ್ಲಿ ಹೇಳೋಕಾಗದೆ ತಾನೇ ಬರೆದಿದ್ದು?"

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು.

"ಇನ್ನೊಂದ್ಸಲ ಬರೆದ್ರೆ ಉಳಿಯುತ್ತಾ?"

ಉಳಿಯುತ್ತೆ ಅನ್ನಲು ಹೋದವನು ನಾಲಿಗೆ ಬಿಗಿಹಿಡಿದ. "ಮೊದಲು ಒಂದೇ ಒಂದು ಪದ ಕಳಿಸಿ. ನೋಡಿ ಹೇಳ್ತೀನಿ."

ಪರದೆಯಲ್ಲಿ 'ಬಂತಾ' ಎಂಬ ಪದ ಮೂಡಿತು. ಡೇಟಾಬೇಸಿನ ಒಳಗೆ ಹೋಗಿ ಎಣಿಸಿದ: ನಾಲ್ಕು ಗುರುತು, ಹನ್ನೆರಡು ತುಣುಕು. ಎರಡು ಕಡೆ ನಕಲು ತೆಗೆದಿಟ್ಟ. "ಬಂತು. ಬರೀರಿ."

ಇಪ್ಪತ್ತು ನಿಮಿಷ ಬಾಗಿಲಿಗೂ ಮೇಜಿಗೂ ಓಡಾಡಿದ. ಬರಹ ಬಂದಾಗ ಅದು ಕನ್ನಡವೆಂದಷ್ಟೇ ಖಾತ್ರಿ ಮಾಡಿಕೊಂಡು, ನಕಲು ತೆಗೆದು, ಪರದೆಯನ್ನು ಅಕ್ಕನ ಕಡೆ ತಿರುಗಿಸಿ ತಾನು ಬೀದಿಯ ಕಡೆ ಮುಖ ಮಾಡಿದ.

ಅಕ್ಕ ನಿಧಾನವಾಗಿ ಓದಿದಳು.

"ಆರಿಂಚಲ್ಲ ಕಣೋ," ಅಂದಳು. ದನಿ ಇಳಿದಿತ್ತು. "ಆರು ವರ್ಷದ ಹಿಂದಿನ ಗಾಯ."

ಅಕ್ಕ ಕತ್ತರಿ ಕೆಳಗಿಟ್ಟು ಸೀಮೆಸುಣ್ಣ ತೆಗೆದುಕೊಂಡು, ಎಡತೋಳಿನ ಗೆರೆಯನ್ನು ಮಣಿಕಟ್ಟು ದಾಟಿಸಿ ಬೆರಳ ಬುಡದವರೆಗೆ ಎಳೆದಳು. ಇನ್ನೊಮ್ಮೆ ಪರದೆ ನೋಡಿ, ಗೆರೆ ನೋಡಿ, ಕತ್ತರಿ ಎತ್ತಿಕೊಂಡಳು.

ಅವನು ಬಂದು ಮೂಲೆಯಲ್ಲಿ ಕೂತ. ಗುಂಡಿಗಳು ಮತ್ತೆ ಗಿಲಿಗಿಲಿ ಅಂದವು. ಈ ಸಲ ಅಕ್ಕ ಏನೂ ಅನ್ನಲಿಲ್ಲ.